ನೀಲಿ ಶಾಯಿಯ ಮೂರು ಪತ್ರಗಳು

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ಮದ್ದೂರಿನ ತಾಲ್ಲೂಕು ಕಚೇರಿಯಿಂದ ನನ್ನನ್ನು ಶಾಸಕರೊಬ್ಬರ ಆಪ್ತ ಸಹಾಯಕನಾಗಿ ನಿಯೋಜಿಸಿದರು. ಎಲ್ಲರೂ ಅವರನ್ನು ಗೌಡರು ಎನ್ನುತ್ತಿದ್ದರು. ಪಂಚಾಯಿತಿ ಸದಸ್ಯರಾಗಿ ಶುರುಮಾಡಿ ಎರಡು ಸಲ ವಿಧಾನಸಭೆಗೆ ಗೆದ್ದವರು. ಅವರ ಕಚೇರಿಯಿಂದ ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ. ಕೇಳಿದವರಿಗೆಲ್ಲ ಶಿಫಾರಸು ಪತ್ರ ಸಿಗುತ್ತಿತ್ತು.

ಗುಟ್ಟು ಇದ್ದದ್ದು ಸಹಿಯಲ್ಲಿ. ಹಸಿರು ಶಾಯಿಯಾದರೆ ಅಧಿಕಾರಿಗಳು ಕೆಲಸ ಮಾಡಿಕೊಡಬೇಕು. ನೀಲಿಯಾದರೆ ಫೈಲಿಗೆ ಸೇರಿಸಿ ಸುಮ್ಮನಾಗಬೇಕು. ಗೌಡರು "ನನ್ನ ಪೆನ್ನು ಕೊಡಿ" ಎಂದರೆ ನಾನು ಹಸಿರು ಕೊಡುತ್ತಿದ್ದೆ, ಬರೀ "ಪೆನ್ನು ಕೊಡಿ" ಎಂದರೆ ನೀಲಿ. ಮೊದಮೊದಲು ಇದು ಭಾರೀ ಜಾಣತನವೆಂದೇ ನನಗೆ ಅನಿಸಿತ್ತು.

ಸವಿತಮ್ಮ ಮಳವಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಗಂಡ ತೆಂಗಿನ ಮರದಿಂದ ಬಿದ್ದು, ನಮ್ಮ ತಾಲ್ಲೂಕಿನ ಕೊಪ್ಪದ ಮನೆಯಲ್ಲಿ ಮಲಗಿದಲ್ಲೇ ಇದ್ದರು. ಕೊಪ್ಪಕ್ಕೆ ವರ್ಗಾವಣೆ ಬೇಕು ಎಂಬುದಷ್ಟೇ ಆಕೆಯ ಕೋರಿಕೆ. ಆದರೆ ಅಲ್ಲಿನ ಜಾಗಕ್ಕೆ ಗೌಡರು ಆಗಲೇ ಬೇರೊಬ್ಬರಿಗೆ ಮಾತು ಕೊಟ್ಟಿದ್ದರು.

"ಆಯ್ತದೆ ಬುಡವ್ವ" ಎಂದು ನನ್ನ ಕಡೆ ಕೈ ಚಾಚಿದರು. "ಸಿವಣ್ಣ, ಪೆನ್ನು ಕೊಡಿ."

ಕೊಟ್ಟೆ.

ಎಂಟು ತಿಂಗಳಲ್ಲಿ ಆಕೆ ಮೂರು ಸಲ ಬಂದರು, ಮೂರು ನೀಲಿ ಸಹಿ ಪಡೆದರು. ಮೂರನೆಯ ಸಲ ಪತ್ರವನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾ, ಗಂಡನ ಬೆನ್ನಿಗೆ ಹುಣ್ಣಾಗಿದೆ, ಹಗಲು ಹೊತ್ತು ಮಗ್ಗುಲು ಬದಲಿಸಲು ಯಾರೂ ಇಲ್ಲ ಎಂದರು. ನನಗೆ ತಡೆಯಲಾಗಲಿಲ್ಲ. ಹೊರಗೆ ಕರೆದು ಶಾಯಿಯ ಗುಟ್ಟು ಹೇಳಿಬಿಟ್ಟೆ.

ಆಕೆ ಕೂಗಾಡಲಿಲ್ಲ. "ಆಗಾಕಿಲ್ಲ ಅಂತ ಮೊದಲ್ನೇ ದಿನವೇ ಯೋಳಿದ್ರೆ, ಮಳವಳ್ಳೀಲೇ ಒಂದು ಮನೆ ಮಾಡಿ ಅವ್ರನ್ನ ಕರ್ಕೊಂಡು ಓಯ್ತಿದ್ದೆ ಕಣಣ್ಣ. ನಿಮ್ಮ ಕಾಗದ ನಂಬ್ಕೊಂಡು ಕೂತೆ."

ಆಕೆ ಹೋದ ಮೇಲೆ ನಾನು ಒಳಗೆ ಬಂದೆ. ನಡೆದದ್ದನ್ನು ಗೌಡರಿಗೆ ಹೇಳಿದೆ. ಅವರು ಸಿಟ್ಟಾಗಲೂ ಇಲ್ಲ.

"ಇಲ್ಲ ಅಂದ್ರೆ ಓಟು ಓಯ್ತದೆ ಸಿವಣ್ಣ. ಇಷ್ಟು ವರ್ಸದಲ್ಲಿ ನಾನು ಯಾರ್ಗೂ ಇಲ್ಲ ಅಂದಿಲ್ಲ."

ಅದು ನಿಜವೇ. ಮುಂದಿನ ಚುನಾವಣೆಯಲ್ಲೂ ಅವರೇ ಗೆದ್ದರು. ನಾನು ಕೇಳಿಕೊಂಡು ತಾಲ್ಲೂಕು ಕಚೇರಿಗೆ ಮರಳಿದೆ. ಆಗದ ಕೆಲಸವನ್ನು ಆಗದು ಎಂದು ಮೊದಲ ದಿನವೇ ಹೇಳುವುದೂ ಜನರಿಗೆ ಮಾಡಿಕೊಡುವ ಕೆಲಸವೇ. ನನ್ನ ವೃತ್ತಿ ಕಲಿಸಿದ್ದು ಇದು. ಕಲಿಯುವಷ್ಟರಲ್ಲಿ ತಡವಾಗಿತ್ತು.

ಒಂದು ದಿನ ಸವಿತಮ್ಮ ನನ್ನ ಮೇಜಿನ ಮುಂದೆ ನಿಂತಿದ್ದರು. ಮಳವಳ್ಳಿಗೆ ಮನೆ ಬದಲಿಸಿದ ತಿಂಗಳಲ್ಲೇ ಗಂಡ ತೀರಿಕೊಂಡರಂತೆ. ಕೊಪ್ಪದ ಮತದಾರರ ಪಟ್ಟಿಯಿಂದ ಗಂಡನ ಹೆಸರು ತೆಗೆಸಬೇಕಿತ್ತು. ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಅದಕ್ಕೆ ಯಾರ ಶಿಫಾರಸೂ ಬೇಕಿರಲಿಲ್ಲ.