ನೆಲಕ್ಕೆ ಕಿವಿಗೊಡುವ ಕಿವಿಯಕ್ಕ

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಬ್ಯಾಂಕಿನ ಮೆಟ್ಟಿಲ ಮೇಲೆ ನಾಯಿಯೊಂದು ಸುರುಳಿ ಸುತ್ತಿಕೊಂಡು ಮಲಗಿದೆ. ರಸ್ತೆಯ ಅಂಚಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಬ್ಬಿಣದ ಮುಚ್ಚಳ ಸರಿಸಿ, ಎದೆಮಟ್ಟದ ಸಲಾಕೆಯ ತುದಿಯನ್ನು ಗುಂಡಿಯೊಳಗಿನ ವಾಲ್ವಿನ ಮೇಲೆ ಊರುತ್ತಾರೆ. ಸಲಾಕೆಯ ಮೇಲ್ತುದಿಯಲ್ಲಿ ಮರದ ಪುಟ್ಟ ಬಟ್ಟಲೊಂದಿದೆ. ಅದಕ್ಕೆ ಕಿವಿ ಒತ್ತಿ ಕಣ್ಣು ಮುಚ್ಚುತ್ತಾರೆ.

ನಾನು ಏನೋ ಕೇಳಲು ಬಾಯಿ ತೆರೆಯುತ್ತೇನೆ. ಅವರು ಕಣ್ಣು ಬಿಡದೆಯೇ ಒಂದು ಬೆರಳು ಎತ್ತುತ್ತಾರೆ. ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

"ಇಲ್ಲೇನಿಲ್ಲ" ಎಂದು ಅರ್ಧ ನಿಮಿಷದ ನಂತರ ಎದ್ದು ಮುಂದಿನ ವಾಲ್ವಿನತ್ತ ನಡೆಯುತ್ತಾರೆ. ನಾನು ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಬಂದಿದ್ದೇನೆ. ಬೆಳಕು ಹರಿಯುವ ಹೊತ್ತಿಗೆ ಮೂರಕ್ಕೆ ಉತ್ತರ ಸಿಕ್ಕಿದೆ, ಅದರಲ್ಲಿ ಎರಡು "ಹೂಂ".

ನೀರು ಸರಬರಾಜು ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು 'ಕಿವಿಯಕ್ಕ' ಎಂದೇ. ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಸದ್ದಿನಿಂದ ಪತ್ತೆ ಹಚ್ಚುವುದು ಅವರ ಕೆಲಸ. ವಾಹನಗಳು ಓಡಾಡುವ ಮೊದಲು, ಮನೆಗಳ ನಲ್ಲಿ ತಿರುಗುವ ಮೊದಲು ಈ ಕೆಲಸ ಮುಗಿಯಬೇಕು. ದಿನಕ್ಕೆ ಐದು ಕಿಲೋಮೀಟರು ನಡಿಗೆ, ಎಪ್ಪತ್ತಕ್ಕೂ ಹೆಚ್ಚು ಕಡೆ ಸಲಾಕೆ ಊರುವುದು. ಇಪ್ಪತ್ತೊಂದು ವರ್ಷದಿಂದ ಇದೇ ದಿನಚರಿ. ಹೋದ ವರ್ಷ ಅವರು ಹಿಡಿದ ಸೋರಿಕೆ ಮುನ್ನೂರ ಹನ್ನೆರಡು.

"ಯಾರಾದ್ರೂ ನಲ್ಲಿ ಬಿಟ್ಟಿದ್ರೆ ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತೆ. ಸೋರ್ತಾ ಇದ್ರೆ ನಿಲ್ಲಲ್ಲ. ಅದಕ್ಕೇ ಕಾಯಬೇಕು" ಎನ್ನುತ್ತಾರೆ. ಕೆಲಸ ಮುಗಿಯುವವರೆಗೆ ಅವರಾಡಿದ ಅತಿ ಉದ್ದದ ಮಾತು ಇದು.

ಈ ಕೆಲಸಕ್ಕೆ ಅವರು ಬಂದದ್ದು ನೆಟ್ಟಗಿನ ದಾರಿಯಲ್ಲಲ್ಲ. ಮೊದಲು ಕೂರಿಸಿದ್ದು ದೂರು ಸ್ವೀಕರಿಸುವ ಕೌಂಟರಿನಲ್ಲಿ. ಎದುರಿಗೆ ಜನರ ಸಾಲು, ಪಕ್ಕದಲ್ಲಿ ಎರಡು ಫೋನು, ಬೆನ್ನ ಹಿಂದೆ ಸಹೋದ್ಯೋಗಿಗಳ ಹರಟೆ. ಅವರು ಒಂದು ದೂರನ್ನೂ ತಪ್ಪಾಗಿ ಬರೆದುಕೊಳ್ಳಲಿಲ್ಲ. ಆದರೆ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಸೇರಿದಾಗ ಇವರು ಡಬ್ಬಿ ಹಿಡಿದು ಹಳೆಯ ಮೀಟರುಗಳ ಕೋಣೆಗೆ ಹೋಗಿಬಿಡುತ್ತಿದ್ದರು. "ಜಂಬ ನೋಡು" ಎಂದರು ಕೆಲವರು. "ಮನೇಲಿ ಏನೋ ಕಷ್ಟ ಇರಬೇಕು, ಪಾಪ" ಎಂದರು ಉಳಿದವರು.

"ಎರಡೂ ಇರಲಿಲ್ಲ" ಎಂದು ಕೆಲಸ ಮುಗಿದ ಮೇಲೆ ಕಿವಿಯಕ್ಕ ನಗುತ್ತಾರೆ. "ನನಗೆ ಜನ ಅಂದ್ರೆ ಆಗಲ್ಲ ಅಂತಲ್ಲ. ಹೆದರಿಕೆನೂ ಇಲ್ಲ. ಮಾತಾಡ್ತಾ ಇದ್ರೆ ಒಳಗಿರೋ ಶಕ್ತಿ ಖರ್ಚಾಗ್ತಾ ಹೋಗುತ್ತೆ. ಸ್ವಲ್ಪ ಹೊತ್ತು ಒಬ್ಬಳೇ ಕೂತ್ರೆ ಮತ್ತೆ ತುಂಬ್ಕೊಳ್ಳುತ್ತೆ. ಇಷ್ಟೇ ವಿಷಯ. ಇದನ್ನ ಹೇಳೋಕೂ ಮಾತಾಡಬೇಕಲ್ಲ, ಅದಕ್ಕೇ ಹೇಳಲಿಲ್ಲ."

ಇದನ್ನು ಅವರು ಹೇಳದೆಯೂ ಅರ್ಥಮಾಡಿಕೊಂಡವರು ಆಗ ನಿವೃತ್ತಿಯ ಅಂಚಿನಲ್ಲಿದ್ದ ವಾಲ್ವ್‌ಮ್ಯಾನ್ ಒಬ್ಬರು. ಮೀಟರು ಕೋಣೆಗೆ ಏನೋ ತೆಗೆದುಕೊಳ್ಳಲು ಬಂದವರಿಗೆ ಇವರು ಊಟ ನಿಲ್ಲಿಸಿ ಗೋಡೆ ನೋಡುತ್ತಾ ಕೂತದ್ದು ಕಂಡಿತು. "ಏನಮ್ಮ?" ಎಂದರು. "ಈ ಗೋಡೆ ಒಳಗೆ ಪೈಪು ಸೋರ್ತಿದೆ ಯಜಮಾನ್ರೇ" ಎಂದರು ಇವರು. ಗೋಡೆ ಒಡೆದಾಗ ನೂಲಿನಷ್ಟು ಬಿರುಕು ಸಿಕ್ಕಿತು. ಮರುವಾರ ಹಿರಿಯರು ತಮ್ಮ ಸಲಾಕೆಯನ್ನು ಇವರ ಕೈಗೆ ಕೊಟ್ಟು, ಮೇಲಿನವರ ಹತ್ತಿರ ಜಗಳವಾಡಿ ಕೌಂಟರಿನಿಂದ ಬಿಡಿಸಿಕೊಂಡು ಬಂದರು.

ಮನೆಯಲ್ಲಿನ ಕಥೆ ಬೇರೆಯೇ. ಗಂಡ ಬಸ್ ಕಂಡಕ್ಟರು. ದಿನವಿಡೀ ಕೂಗಿದರೂ ಸಾಲದೆ ಮನೆಗೆ ಬಂದು ಇಡೀ ದಿನದ ಪ್ರಯಾಣಿಕರ ಕಥೆ ಹೇಳುವ ಮನುಷ್ಯ. ಅತ್ತೆಯವರು ಅವರಿಗಿಂತ ಒಂದು ಕೈ ಮೇಲು. ನಾನು ಹೋದಾಗ ಬಾಗಿಲು ತೆಗೆದವರೂ, ಕೂರಿಸಿದವರೂ, ಸೊಸೆಯ ಪರವಾಗಿ ಸಂದರ್ಶನ ಕೊಟ್ಟವರೂ ಅವರೇ.

"ಮದುವೆಯಾಗಿ ಬಂದು ಮೂರು ತಿಂಗಳು ನಾಲ್ಕು ಮಾತು ಆಡಿರಲಿಲ್ಲ ಇವಳು. ನಾನೇನು ತಪ್ಪು ಮಾಡಿದ್ನಪ್ಪಾ ಅಂತ ನನಗೆ ನಿದ್ದೆ ಇಲ್ಲ! ಒಂದಿನ ತಡೀಲಾರದೆ ಕೇಳೇಬಿಟ್ಟೆ, ನನ್ನ ಮೇಲೆ ಕೋಪನಾ ಮಗಳೇ ಅಂತ. ಅದಕ್ಕೆ ಏನಂದ್ಲು ಗೊತ್ತಾ? 'ಇಲ್ಲ ಅತ್ತೆ, ನೀವು ಹೇಳೋದು ಚೆನ್ನಾಗಿರುತ್ತೆ, ಕೇಳ್ತಾ ಇದ್ದೆ' ಅಂದ್ಲು. ಅವತ್ತಿಂದ ನೋಡಿ, ನನಗೆ ಇವಳಂಥ ಸೊಸೆ ಇನ್ನೊಬ್ಬಳಿಲ್ಲ."

ಕೆಲಸದಿಂದ ಬಂದ ಮೇಲೆ ಸೊಸೆ ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಆ ಅರ್ಧ ಗಂಟೆ ಅತ್ತೆಯೇ ಬಾಗಿಲಲ್ಲಿ ಕಾವಲು. ಗಂಡ ಕೂಡ ಆಗ ಪಿಸುಮಾತಿನಲ್ಲಿ ಮಾತಾಡುತ್ತಾರೆ. ಅವರ ಪಿಸುಮಾತು ಪಕ್ಕದ ಮನೆಗೆ ಕೇಳುತ್ತದೆ, ಅದು ಬೇರೆ ವಿಷಯ.

ಎರಡು ವರ್ಷದ ಹಿಂದೆ ಹೆರಿಗೆ ಆಸ್ಪತ್ರೆಯೊಂದರ ಗೇಟಿನ ಮುಂದೆ ರಸ್ತೆಯಿಂದ ನೀರು ಉಕ್ಕತೊಡಗಿತು. ಕಚೇರಿಗೆ ಆಗ ತಾನೇ ವರ್ಗವಾಗಿ ಬಂದಿದ್ದ ಎಂಜಿನಿಯರು ಅಗೆಯುವ ಯಂತ್ರ ತರಿಸಿ ಗೇಟಿನ ಎದುರೇ ಸುಣ್ಣದ ಗುರುತು ಹಾಕಿಸಿದರು. ಅಲ್ಲಿ ಅಗೆದರೆ ಆಂಬುಲೆನ್ಸ್ ಒಳಗೆ ಹೋಗುವಂತಿಲ್ಲ. ಕಿವಿಯಕ್ಕ ಮೂರು ಕಡೆ ಸಲಾಕೆ ಊರಿ ಬಂದು, "ಇಲ್ಲಲ್ಲ ಸರ್, ಮೇಲುಗಡೆ" ಎಂದರು. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಿದರು. "ನೀರು ಇಲ್ಲೇ ಬರ್ತಿದೆಯಲ್ಲಮ್ಮ, ಕಣ್ಣಿಗೆ ಕಾಣಲ್ವಾ?" ಎಂದರು ಎಂಜಿನಿಯರು.

"ಕೂಗೋಕೆ ನೋಡಿದೆ. ಅಷ್ಟು ಜೋರು ದನಿ ನನಗಿಲ್ಲ" ಎನ್ನುತ್ತಾರೆ ಕಿವಿಯಕ್ಕ. "ಒಳಗೆ ಒಬ್ಬಳು ನೋವು ತಿಂತಾ ಇದ್ದದ್ದು ಗೇಟಿಗೇ ಕೇಳಿಸ್ತಿತ್ತು. ಇನ್ನು ತಡ ಮಾಡಬಾರದು ಅನ್ನಿಸ್ತು."

ಅವರು ನೇರವಾಗಿ ಹೋಗಿ ಸುಣ್ಣದ ಗುರುತಿನ ಮೇಲೆ ನಿಂತುಬಿಟ್ಟರು. ಯಂತ್ರ ನಿಂತಿತು. ಎಂಜಿನಿಯರು ಸಿಡಿಮಿಡಿಗೊಂಡು ಹತ್ತಿರ ಬಂದಾಗ ಸಲಾಕೆಯನ್ನು ಅವರ ಕೈಗಿಟ್ಟು, "ಕೇಳಿ ಸರ್" ಎಂದರು. ಎಂಜಿನಿಯರು ಅಲ್ಲಿ ಕೇಳಿದರು. ಮಂದ ಸದ್ದು. ರಸ್ತೆಯ ಏರಿನತ್ತ ನಲವತ್ತು ಹೆಜ್ಜೆ ಮುಂದೆ, ಮುಚ್ಚಿದ್ದ ದರ್ಜಿ ಅಂಗಡಿಯ ಮುಂದೆ ಕೇಳಿದರು. ಒಮ್ಮೆಲೇ ಕಿವಿ ಹಿಂದೆಳೆದುಕೊಂಡರು. ನಾಲ್ಕಡಿ ಅಗೆದಾಗ ಅಲ್ಲಿ ಕೊಳವೆಯ ಜೋಡಣೆ ಬಾಯಿ ಬಿಟ್ಟಿತ್ತು. ಸೋರಿದ ನೀರು ನೆಲದೊಳಗೇ ರಸ್ತೆಯ ಇಳಿಜಾರು ಹಿಡಿದು ಗೇಟಿನವರೆಗೆ ಬಂದಿತ್ತು ಅಷ್ಟೆ. ಆ ದಿನ ಆಂಬುಲೆನ್ಸ್ ಎರಡು ಸಲ ಒಳಗೆ ಹೋಯಿತು.

"ಅವತ್ತು ನನಗೆ ನಾಚಿಕೆಯಾಯ್ತು ಸಾರ್" ಎಂದು ಎಂಜಿನಿಯರು ನನ್ನೆದುರು ಒಪ್ಪಿಕೊಳ್ಳುತ್ತಾರೆ. "ಮೀಟಿಂಗಲ್ಲಿ ಜೋರಾಗಿ ಮಾತಾಡಿದವರ ಮಾತನ್ನೇ ನಾನು ಅಲ್ಲೀವರೆಗೂ ಕೇಳ್ತಿದ್ದೆ. ಈಗ ಅಕ್ಕನ ಅಭಿಪ್ರಾಯ ಬೇಕಿದ್ರೆ ಹಿಂದಿನ ದಿನವೇ ಚೀಟಿ ಕೊಡ್ತೀನಿ. ಮರುದಿನ ಬರೆದು ತರ್ತಾರೆ. ಎರಡೇ ಸಾಲು ಇರುತ್ತೆ, ಎರಡೂ ಸರಿ ಇರುತ್ತೆ."

ಕಚೇರಿ ಸನ್ಮಾನ ಏರ್ಪಡಿಸಲು ಹೊರಟಾಗ ಕಿವಿಯಕ್ಕ ಬೇಡವೆಂದರು. ಒತ್ತಾಯ ಮಾಡಿದ್ದಕ್ಕೆ ಆ ದಿನ ರಜೆ ಹಾಕಿದರು. ಅವರ ಬದಲು ಅತ್ತೆಯವರು ವೇದಿಕೆ ಹತ್ತಿ ಶಾಲು ಹೊದಿಸಿಕೊಂಡು ಇಪ್ಪತ್ತು ನಿಮಿಷ ಭಾಷಣ ಮಾಡಿದರು. ಎಲ್ಲರಿಗೂ ಭಾರೀ ಸಂತೋಷವಾಯಿತಂತೆ.

ಈ ವರ್ಷದಿಂದ ಐದು ಮಂದಿ ಹೊಸಬರಿಗೆ ಅವರು ಕೆಲಸ ಕಲಿಸುತ್ತಿದ್ದಾರೆ. ಅವರಲ್ಲಿ ವಿಪರೀತ ಮಾತಿನ ಹುಡುಗಿಯೊಬ್ಬಳಿದ್ದಾಳೆ. "ಅವಳೂ ಚೆನ್ನಾಗಿ ಕಲೀತಾಳೆ. ಅವಳಿಗೆ ಸುಮ್ಮನಿರೋದು ಕಷ್ಟ, ನನಗೆ ಮಾತು ಕಷ್ಟ. ಇಬ್ಬರೂ ಸ್ವಲ್ಪ ಸ್ವಲ್ಪ ಕಷ್ಟ ಪಡ್ತೀವಿ" ಎಂದು ಕಿವಿಯಕ್ಕ ಸಲಾಕೆಯನ್ನು ಬಟ್ಟೆಯಿಂದ ಒರೆಸುತ್ತಾರೆ.

ಅಷ್ಟರಲ್ಲಿ ಬಿಸಿಲು ಏರಿದೆ, ರಸ್ತೆ ತುಂಬ ಹಾರ್ನ್ ಸದ್ದು. ಹೊರಡುವ ಮುನ್ನ, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ತುಂಬ ಹೊತ್ತು ಯೋಚಿಸುತ್ತಾರೆ. ಮಧ್ಯೆ ಬಾಯಿ ಹಾಕದಷ್ಟು ಬುದ್ಧಿ ನನಗೂ ಈಗ ಬಂದಿದೆ.

"ಪ್ರತಿ ವರ್ಷ ನಮ್ಮ ಬಗ್ಗೆ ಒಂದು ವರದಿ ಬರೀತಾರೆ ಆಫೀಸಲ್ಲಿ. ನನ್ನದರಲ್ಲಿ 'ಯಾರೊಂದಿಗೂ ಬೆರೆಯುವುದಿಲ್ಲ' ಅಂತ ಇರುತ್ತೆ, ಇಪ್ಪತ್ತೊಂದು ವರ್ಷದಿಂದ. ಇರಲಿ, ಅದನ್ನ ಹೊಡೆದು ಹಾಕೋದೇನೂ ಬೇಡ. ನಾನು ನಿವೃತ್ತಿ ಆಗೋದ್ರೊಳಗೆ ಯಾರಾದರೂ ಅದರ ಕೆಳಗೆ, 'ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ' ಅಂತ ಒಂದು ಸಾಲು ಸೇರಿಸಿದ್ರೆ ಸಾಕು."