ಹರಳೆಣ್ಣೆ ಸೀಸೆಯ ಬಿರಡೆ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಹರಳೆಣ್ಣೆಯ ಸೀಸೆಯಿದೆ. ಅದರ ಬಿರಡೆ ಅಂಗಡಿಯಿಂದ ಬಂದದ್ದಲ್ಲ. ಹೆಬ್ಬೆರಳ ತುದಿಯಷ್ಟು ಗಾತ್ರದ, ಹಾಲಿನಂತೆ ಬೆಳ್ಳಗಿರುವ ಆ ಪ್ಲಾಸ್ಟಿಕ್ ತುಂಡನ್ನು ಪೀಣ್ಯದ ನನ್ನ ಲೇತ್ ಶೆಡ್ಡಿನಲ್ಲಿ ನಾನೇ ಕಡೆದೆ. ಕಡೆದದ್ದು ಸೀಸೆಗಾಗಿ ಅಲ್ಲ, ನನ್ನ ಹೆಂಡತಿ ಗಿರಿಜೆಯ ಹೊಕ್ಕುಳಿಗಾಗಿ. ನಗು ಬಂದರೆ ಈಗಲೇ ನಕ್ಕುಬಿಡಿ, ಮುಂದೆ ಅವಕಾಶ ಸಿಗುವುದಿಲ್ಲ.

ಮೈ ಕಾದರೆ ಹೊಕ್ಕುಳಿಗೆ ಒಂದು ತೊಟ್ಟು ಹರಳೆಣ್ಣೆ ಬಿಡುವುದು ನಮ್ಮ ಕಡೆಯ ಮನೆಮನೆಯ ವೈದ್ಯ. ದಿನವಿಡೀ ಕಬ್ಬಿಣದ ಜೊತೆ ಕಾದು ಮಾದನಾಯಕನಹಳ್ಳಿಯ ಮನೆಗೆ ಮರಳುತ್ತಿದ್ದ ನನ್ನನ್ನು ಗಿರಿಜೆ ಚಾಪೆಯ ಮೇಲೆ ಅಂಗಾತ ಮಲಗಿಸಿ, ಅಂಗಿ ಸರಿಸಿ, ಬೆರಳ ತುದಿಯಿಂದ ತೊಟ್ಟು ಇಳಿಸುವಳು. ಆಮೇಲೆ ನನ್ನ ಸರದಿ. ಮಕ್ಕಳಿಲ್ಲದ ಮನೆ, ಮಾತೂ ಮಿತ. ನಮ್ಮ ದಾಂಪತ್ಯದಲ್ಲಿ ಒಲವಿನ ನುಡಿಗಿಂತ ಹರಳೆಣ್ಣೆಯ ಖರ್ಚೇ ಜಾಸ್ತಿ.

ಯೋಚಿಸಿ ನೋಡಿ ಮಿತ್ರರೇ, ಹೊಕ್ಕುಳೆಂದರೆ ಏನು? ಲೋಕ ನಮಗೆ ಮಾಡಿದ ಮೊದಲ ಗಾಯದ ಕಲೆ. ಹೆಸರಿಡುವ ಮುಂಚೆ, ಜಾತಕ ಬರೆಸುವ ಮುಂಚೆ, ಇವನು ಒಬ್ಬಳ ಒಡಲಿಗೆ ಅಂಟಿಕೊಂಡಿದ್ದವನು ಎಂದು ಮೈಮೇಲೆ ಒತ್ತಿದ ಮುದ್ರೆ. ಹೆತ್ತವಳಿಲ್ಲದ ಪದ್ಮನಾಭನಿಗೂ ನಮ್ಮ ಜನ ಹೊಕ್ಕುಳು ಕೊಡದೆ ಬಿಡಲಿಲ್ಲ. ಅದಿಲ್ಲದ ದೇವರನ್ನೂ ನಂಬುವುದು ಅವರಿಗೆ ಕಷ್ಟವಾಗಿತ್ತೇನೋ. ಗಿರಿಜೆಯನ್ನು ಹೆತ್ತ ಬಾಣಂತನದಲ್ಲೇ ಅವಳ ತಾಯಿ ತೀರಿಕೊಂಡರು. ಒಂದು ಫೋಟೋ ಇಲ್ಲ, ಒಂದು ಸೀರೆ ಉಳಿದಿಲ್ಲ. ಕಂಡ ನೆನಪಂತೂ ಇರಲು ಸಾಧ್ಯವೇ ಇಲ್ಲ.

ಗಿರಿಜೆಯ ಹೊಟ್ಟೆಯಲ್ಲಿ ಬೆಳೆದ ಕ್ಯಾನ್ಸರ್ ಗಡ್ಡೆ ಹೊಕ್ಕುಳಿಗೇ ಅಂಟಿಕೊಂಡಿತ್ತು. ತೆಗೆದವರು ಹೊಕ್ಕುಳನ್ನೂ ಸೇರಿಸಿ ತೆಗೆದರು. ಗಾಯ ಮಾಯ್ದ ಮೇಲೆ ಹೊಟ್ಟೆಯ ನಡುವೆ ಉಳಿದದ್ದು ಮೇಲಿಂದ ಕೆಳಕ್ಕೆ ಎಳೆದ ಒಂದು ಹೊಲಿಗೆ, ಅಷ್ಟೆ. ತಲೆಗೂದಲು ಉದುರಿದಾಗ ಅಳದವಳು ಕನ್ನಡಿಯ ಮುಂದೆ ನಿಂತು ಅದನ್ನು ನೋಡಿ ಅತ್ತಳು. ಜೀವ ಉಳಿಯಿತಲ್ಲ ಎಂದು ನಾನು ಗಂಡಸಿನ ಸಮಾಧಾನ ಹೇಳಹೋದೆ.

“ನಮ್ಮವ್ವಂದು ಅಂತ ನನ್ ಮೈಮೇಲಿದ್ದಿದ್ದು ಅದೊಂದೇ ಕಣ್ರೀ,” ಅಂದಳು. “ನಾಳೆ ಅಲ್ಲಿಗೆ ಓದಾಗ ಅವ್ವ ನನ್ನ ಎಂಗೆ ಗುರ್ತು ಇಡೀಬೇಕು?”

ಕಣ್ಣಿಂದ ಕಾಣದ ತಾಯಿಗೆ ತೋರಿಸಲು ಅವಳ ಬಳಿ ಇದ್ದದ್ದು ಆ ಒಂದು ಕುರುಹು. ಹೊಸದನ್ನು ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟೆ. ವೈಟ್‌ಫೀಲ್ಡಿನಲ್ಲಿ ಹೊಕ್ಕುಳನ್ನು ತಿದ್ದುವ, ಇಲ್ಲದವರಿಗೆ ಮಾಡಿಕೊಡುವ ಡಾಕ್ಟರೊಬ್ಬರಿದ್ದಾರೆಂದು ಯಾರೋ ಹೇಳಿದ್ದರು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸು ಬದಲಿಸಿ ಹೋದೆವು. ಗಾಜಿನ ಕಟ್ಟಡದ ಆ ತಣ್ಣನೆಯ ಕೋಣೆಯಲ್ಲಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಇಳಿಬಿಟ್ಟಿದ್ದ ಹುಡುಗಿಯೊಬ್ಬಳು ಎದ್ದು ಗಿರಿಜೆಗೆ ಜಾಗ ಕೊಟ್ಟಳು. ಅವಳದು ಉಬ್ಬಿದ ಹೊಕ್ಕುಳಂತೆ, ಮದುವೆಗೆ ಮುಂಚೆ ಒಳಗೆ ಸೇರಿಸಿಕೊಳ್ಳಬೇಕಂತೆ. ದೇವರು ಕೊಟ್ಟದ್ದನ್ನು ಕೆಡಿಸಿಕೊಳ್ಳುವ ಕೊಬ್ಬು ನೋಡು ಎಂದು ನಾನು ಹೊರಗೆ ಬಂದು ಗೊಣಗಿದೆ. ಅವಳ ದುಃಖ ಅವಳಿಗೆ, ಸುಮ್ಮನಿರಿ ಎಂದು ಗಿರಿಜೆಯೇ ನನ್ನ ಬಾಯಿ ಮುಚ್ಚಿಸಿದಳು.

ಡಾಕ್ಟರಮ್ಮ ಒಳ್ಳೆಯವರು. ಚರ್ಮವನ್ನು ಮಡಿಸಿ ಹೊಲಿದು ಗುಳಿ ಮಾಡುತ್ತೇವೆ, ಆದರೆ ಮೈಗೆ ಗುಳಿಯೆಂದರೆ ಆಗದು, ತುಂಬಿಕೊಳ್ಳಲು ನೋಡುತ್ತದೆ, ಅದಕ್ಕೇ ಕೆಲವು ವಾರ ಅದರೊಳಗೆ ಒಂದು ಪುಟ್ಟ ಬಿರಡೆ ಇಡಬೇಕು ಎಂದು ವಿವರಿಸಿದರು. ಬಿರಡೆ ಎಂದದ್ದೇ ತಡ, ನನ್ನ ಕೈ ತುರಿಸಿತು. ಅದೆಲ್ಲ ಕಂಪನಿಯಿಂದಲೇ ಬರುತ್ತದೆ ಎಂದು ಅವರು ನಕ್ಕರೂ ಕೇಳದೆ, ಮರುದಿನವೇ ಉಳಿದಿದ್ದ ಪ್ಲಾಸ್ಟಿಕ್ ಸರಳಿನಿಂದ ಒಂದನ್ನು ಕಡೆದು, ಕೆನ್ನೆಗೆ ಉಜ್ಜಿ ನುಣುಪು ನೋಡಿ ತಂದುಕೊಟ್ಟೆ. ತೂತು ಕೊರೆದು ಅಳತೆ ತೆಗೆದ ಮೇಲೆ ಬಿರಡೆ ಕಡೆಯಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನಾನೂ ಆಡಿಕೊಂಡವನೇ. ಗಿರಿಜೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಡುಗೆ ಮಾಡುತ್ತ, ಬಾಗಿಲಲ್ಲಿ ನಿಲ್ಲುತ್ತ ಆ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಆಪರೇಷನ್ ಎಂದಾಗಿತ್ತು. ಅದಕ್ಕೆ ಮುಂಚೆ ಮಾಡಿದ ಸ್ಕ್ಯಾನಿನಲ್ಲಿ ಗಡ್ಡೆ ಮರಳಿ ಬಂದದ್ದು ಕಂಡಿತು.

“ಮೊದ್ಲು ಇದು ವಾಸಿ ಆಗ್ಲಿ ಅಮ್ಮ, ಆಮೇಲೆ ಮಾಡೋಣ,” ಅಂದರು ಡಾಕ್ಟರಮ್ಮ, ಮೇಜಿನ ಮೇಲಿನ ಪೆನ್ನನ್ನು ನೋಡುತ್ತ. ಆಮೇಲೆ ಎಂಬುದು ಇಲ್ಲವೆಂದು ಅವರಿಗೆ ಗೊತ್ತಿತ್ತು, ನಮಗೂ ಗೊತ್ತಾಯಿತು. ಮರಳುವ ಬಸ್ಸು ಯಶವಂತಪುರ ದಾಟುವಾಗ ಅವಳು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದುದು ಕಂಡಿತು.

ಬೇಸಿಗೆ ಕಾಲಿಡುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. ಬಿರಡೆ ಸೆರಗಿನಿಂದ ದಿಂಬಿನ ಕೆಳಕ್ಕೆ ಬಂದಿತ್ತು. ಒಂದು ಮಧ್ಯಾಹ್ನ, ಔಷಧದ ಕಾವಿಗೆ ಮೈಯೆಲ್ಲ ಉರಿಯುತ್ತಿದೆ, ಒಂದು ತೊಟ್ಟು ಎಣ್ಣೆ ಬಿಡಿ ಎಂದಳು. ಅವಸರದಲ್ಲಿ ಸೀಸೆಯ ಮುಚ್ಚಳ ಕೈಜಾರಿ ಎಲ್ಲಿಗೋ ಉರುಳಿಹೋಯಿತು. ಎಣ್ಣೆ ಅದ್ದಿದ ಬೆರಳನ್ನು ಅವಳ ಹೊಟ್ಟೆಯ ಮೇಲೆ ತಂದು ಹಾಗೇ ನಿಂತೆ. ಇಷ್ಟು ವರ್ಷ ಕಣ್ಣುಮುಚ್ಚಿಯೂ ಹುಡುಕಬಲ್ಲವನಾಗಿದ್ದ ಜಾಗ ಅಲ್ಲಿರಲಿಲ್ಲ. ಅಂದಾಜಿನ ಮೇಲೆ ಹೊಲಿಗೆಯ ನಡುವೆ ಬಿಟ್ಟೆ. ತೊಟ್ಟು ನಿಲ್ಲದೆ ಪಕ್ಕೆಗೆ ಜಾರಿ ಹಾಸಿಗೆಗೆ ಇಳಿಯಿತು.

“ಬುಟ್ರಾ?” ಅಂದಳು, ಕಣ್ಣು ಮುಚ್ಚಿಕೊಂಡೇ.

“ಬಿಟ್ಟೆ.”

ಸ್ವಲ್ಪ ಹೊತ್ತು ಕಾದಳು. “ಏನೂ ಗೊತ್ತಾಗ್ಲಿಲ್ಲ ಕಣ್ರೀ.”

ನಾನು ಮುಚ್ಚಳ ಹುಡುಕುವ ನೆಪದಲ್ಲಿ ಮಂಚದ ಕೆಳಗೆ ಬಗ್ಗಿ, ಅಲ್ಲೇ ಅತ್ತೆ. ಅವಳು ದಿಂಬಿನ ಕೆಳಗೆ ಕೈಹಾಕಿ ಬಿರಡೆಯನ್ನು ತೆಗೆದು ನೀಡಿದಳು. “ಎಣ್ಣೆ ಚೆಲ್ತದೆ, ಇದನ್ನೇ ಆಕಿ ಮುಚ್ಚಿ. ನಂಗಿನ್ ಯಾಕೆ?”

ಹಾಕಿದೆ. ಕೂದಲೆಳೆಯಷ್ಟೂ ಸಡಿಲವಿಲ್ಲದೆ ಕೂತಿತು. ಜೀವಮಾನದಲ್ಲಿ ಇಷ್ಟು ಸರಿಯಾದ ಅಳತೆಯ ಕೆಲಸ ನನ್ನ ಕೈಯಿಂದ ಇನ್ನೊಂದಾಗಿಲ್ಲ.

ಯುಗಾದಿಗೆ ಅವಳು ಇರಲಿಲ್ಲ. ಅವಳ ಅವ್ವ ಗುರುತು ಹಿಡಿದರೋ ಇಲ್ಲವೋ, ಬಂದು ಹೇಳುವವರಿಲ್ಲ. ಹಿಡಿದಿರುತ್ತಾರೆ ಎಂದು ನಂಬಲು ನನ್ನಿಂದ ಆಗುತ್ತಿಲ್ಲ. ಮತ್ತೆ ಬೇಸಿಗೆ ಬಂದಿದೆ, ಶೆಡ್ಡಿನ ತಗಡು ಕಾಯುತ್ತಿದೆ, ಮೈ ಉರಿಯುತ್ತದೆ. ನನ್ನ ಹೊಕ್ಕುಳು ಇದ್ದಲ್ಲೇ ಇದೆ. ಸೀಸೆಯಲ್ಲಿ ಎಣ್ಣೆಯೂ ಇದೆ. ಬಿರಡೆ ತೆಗೆಯಲು ಕೈ ಏಳುವುದಿಲ್ಲ.