ಅಕ್ಕ ಹತ್ತದ ಹುಣಸೆ ಮರ

ಬೂದಿಗೆರೆಯ ಗಂಡನ ಮನೆಯಲ್ಲಿ ಅಕ್ಕ ಬಗ್ಗಿ ಕಸ ಗುಡಿಸುತ್ತಿದ್ದಾಗ, ಗೋಡೆಗೆ ಒರಗಿಸಿದ್ದ ಒನಕೆ ಜಾರಿ ಅವಳ ತಲೆಯ ಮೇಲೆ ಬಿತ್ತು. ರಕ್ತ ಬರಲಿಲ್ಲ, ಬುಗುಟೆ ಎದ್ದಿತು ಅಷ್ಟೆ. ಅರಿಶಿನ ಹಚ್ಚಿ, ಮಾರನೆಯ ಬೆಳಿಗ್ಗೆಯೇ ರಾಗಿ ಬೀಸಲು ಕೂರಿಸಿದರು. ಆ ಪುಣ್ಯವಂತರಿಗೆ ರಕ್ತ ಸುರಿಯದ ಪೆಟ್ಟು ಪೆಟ್ಟೇ ಅಲ್ಲ.

ಬುಗುಟೆ ಇಳಿಯಿತು, ತಲೆನೋವು ಇಳಿಯಲಿಲ್ಲ. ತಿಂಗಳುಗಳು ಕಳೆದರೂ ಬಿಸಿಲು ಕಂಡರೆ ಕಣ್ಣು ಮುಚ್ಚುತ್ತಿದ್ದಳು, ಬೀಸುವ ಕಲ್ಲಿನ ಸದ್ದಿಗೆ ವಾಂತಿ ಮಾಡುತ್ತಿದ್ದಳು, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಮೊಲೆಗೂಸು ಬೇರೆ, ನಿದ್ದೆ ಎಲ್ಲಿಂದ ಬರಬೇಕು? ಅವಳ ಅತ್ತೆ ಮಾತ್ರ ‘ಮೈಗಳ್ಳಿ’ ಎಂದು ಹೆಸರಿಟ್ಟಳು. ಹೀಗೇ ಇದ್ದರೆ ಮಗನಿಗೆ ಬೇರೆ ಹೆಣ್ಣು ತರುತ್ತೇನೆಂದು ನಮಗೆ ಹೇಳಿಕಳಿಸಿದಳು.

ಯುದ್ಧದ ಕಾಲ, ಔಷಧಿಗೂ ಬರ. ಆದರೂ ಅವ್ವ ಹೆದರಿ ಅಕ್ಕನನ್ನು ಎತ್ತಿನಗಾಡಿಯಲ್ಲಿ ಹೊಸಕೋಟೆಯ ಡಾಕ್ಟರ ಹತ್ತಿರ ಕರೆದೊಯ್ದಳು. ಕೂಸನ್ನು ಎತ್ತಿಕೊಳ್ಳಲು ನಾನು. ಸೊಸೆಯ ನಾಟಕ ಬಯಲಾಗುವುದನ್ನು ನೋಡಲು ಅತ್ತೆಯೂ ಬಂದಳು.

“ಮೊದಲು ಯಾವಾಗಲಾದ್ರೂ ತಲೆಗೆ ಏಟು ಬಿದ್ದಿತ್ತೇನಮ್ಮಾ?” ಡಾಕ್ಟರು ಅವ್ವನನ್ನು ಕೇಳಿದರು. “ಬಿದ್ದಿದ್ರೆ ಇದು ಬೇಗ ವಾಸಿಯಾಗಲ್ಲ. ಕೆಲಸ ಬಿಡಿಸಿ ಮಲಗಿಸಬೇಕು.”

ಬಿದ್ದಿತ್ತು. ಸಮೇತನಹಳ್ಳಿಯ ನಮ್ಮ ಹೊಲದ ಹುಣಸೆ ಮರದಿಂದ ಚಿಕ್ಕಂದಿನಲ್ಲಿ ಬಿದ್ದು, ಅಕ್ಕ ಸ್ವಲ್ಪ ಹೊತ್ತು ಎಚ್ಚರ ತಪ್ಪಿದ್ದಳು. ಹೆಣ್ಣು ನೋಡಲು ಬಂದವರಿಂದ ಅದನ್ನು ಮುಚ್ಚಿಟ್ಟಿದ್ದರು. ತಲೆಗೆ ಪೆಟ್ಟು ಬಿದ್ದ ಹುಡುಗಿ ಎಂದರೆ ನಮ್ಮ ಜನಕ್ಕೆ ಹುಚ್ಚಿ ಎಂದೇ ಅರ್ಥ.

ಅವ್ವ ಬೀಗಿತಿಯ ಮುಖ ನೋಡಿದಳು. “ಇಲ್ಲ ಸ್ವಾಮಿ. ನನ್ ಮಗಳು ಮರ ಹತ್ತೋಳೇ ಅಲ್ಲ.”

ಡಾಕ್ಟರು ಮರದ ಮಾತೇ ಎತ್ತಿರಲಿಲ್ಲ! ಯಾರೂ ಗಮನಿಸಲಿಲ್ಲ. ಏನೂ ಭಯವಿಲ್ಲ, ಓಡಾಡಿಕೊಂಡಿರಲಿ ಎಂದು ಡಾಕ್ಟರು ಪುಡಿ ಕಟ್ಟಿಕೊಟ್ಟರು. ಅತ್ತೆಗೆ ಅಷ್ಟೇ ಬೇಕಿತ್ತು. ಅಕ್ಕ ಮತ್ತೆ ಬೀಸುವ ಕಲ್ಲಿನ ಮುಂದೆ ಕೂತಳು.

ಮದುವೆ ಉಳಿಸಲು ಹೇಳಿದ ಸುಳ್ಳು ಮದುವೆಯನ್ನೂ ಉಳಿಸಲಿಲ್ಲ. ಮಗು ಮೊಲೆ ಬಿಟ್ಟ ಮೇಲೆ ಅದನ್ನು ಇಟ್ಟುಕೊಂಡು ತಾಯಿಯನ್ನು ನಮ್ಮ ಮನೆಗೆ ತಂದುಬಿಟ್ಟರು.

ಆಮೇಲೆ ನನಗೆ ಗಂಡು ಹುಡುಕತೊಡಗಿದರು. ಒಂದು ದಿನ ಗಂಡಿನ ಕಡೆಯವರು ಜಗಲಿಯ ಮೇಲೆ ಕೂತಿದ್ದಾಗ ಅಕ್ಕ ಒಳಗಿನಿಂದ ಬಂದು ಕೇಳಿದಳು: “ಅವ್ವಾ, ನಾನು ಹುಣಸೆ ಮರದಿಂದ ಬಿದ್ದಿದ್ನಲ್ವಾ?”

“ಇಲ್ಲ ಕಣವ್ವಾ. ಎಲ್ಲೋ ಕನಸು ಕಂಡಿರ್ಬೇಕು.”

ಅಕ್ಕ ತಲೆ ಮುಟ್ಟಿ ನೋಡಿಕೊಂಡಳು.

“ಹೌದಾ? ಹಂಗಾದ್ರೆ ನನ್ ತಲೇನೇ ಸರಿಯಿಲ್ಲ ಬಿಡು,” ಎಂದು ಒಳಗೆ ಹೋದಳು.